ಜಾಲರಿಗೆ ಅಂಟಿದ ಕಾಫಿ

ಹುಮನಾಬಾದ್
೧೬ ಜೂನ್ ೨೦೨೪

ಐಶ್ವರ್ಯಾ,

ನೀನು ಕಳಿಸಿದ ಕಾಫಿ ಯಂತ್ರವನ್ನು ಬಂದು ತೆಗೆದುಕೊಂಡು ಹೋಗು. ಇಲ್ಲವಾದರೆ ಅದನ್ನು ಹೇಗೆ ನಡೆಸಬೇಕೆಂದು ಬರೆದು ತಿಳಿಸು. ಎರಡರಲ್ಲಿ ಒಂದು ಮಾಡು.

ಹೈದರಾಬಾದಿನ ದವಾಖಾನೆಯಿಂದ ಬಂದ ಮೇಲೆ ನಾನು ನಿನಗೆ ಒಂದು ಸಾಲೂ ಬರೆದಿರಲಿಲ್ಲ. ಯಾಕೆ ಎಂಬುದು ನಿನಗೆ ಗೊತ್ತಿದೆ, ಅದನ್ನು ಈಗ ಎತ್ತುವುದಿಲ್ಲ. ಗಂಟಲಿನ ದನಿಪೆಟ್ಟಿಗೆ ತೆಗೆಸಿಕೊಂಡ ಮನುಷ್ಯ ಫೋನಿನಲ್ಲಿ ಮಾತಾಡುವಂತಿಲ್ಲ. ಮೊಬೈಲಿನಲ್ಲಿ ಬರೆಯಲು ಹೋದರೆ ನನ್ನ ದಪ್ಪ ಬೆರಳು ಒಂದನ್ನು ಒತ್ತುವಾಗ ಇನ್ನೊಂದು ಬೀಳುತ್ತದೆ. ಹಿಂದಿನ ವಾರ ಅಂಗಡಿಗೆ ಹೋಗಿದ್ದ ನಿನ್ನ ಅವ್ವನಿಗೆ ‘ಹಾಲು’ ಎಂದು ಕಳಿಸಲು ಹೋಗಿ ‘ಹಾವು’ ಎಂದು ಕಳಿಸಿದೆ. ಅವಳು ಓಣಿಯ ಗಂಡಸರನ್ನೆಲ್ಲ ಕೋಲು ಹಿಡಿಸಿ ಕರೆದುಕೊಂಡು ಬಂದಳು. ಆದ್ದರಿಂದ ಕಾಗದ. ನಿಮ್ಮೂರ ಬಸ್ಸಿನ ಕಂಡಕ್ಟರ್ ಬಸವಣಪ್ಪ ನಿನಗೆ ಮುಟ್ಟಿಸುತ್ತಾನೆ.

ಈಗ ಯಂತ್ರದ ವಿಷಯ. ಹಿಡಿಕೆಯ ಬಟ್ಟಲಿಗೆ ಪುಡಿ ತುಂಬಿ, ಒತ್ತಿ, ಯಂತ್ರದ ಬಾಯಿಗೆ ತಿರುಗಿಸಿ ಸಿಕ್ಕಿಸುತ್ತೇನೆ. ಗುಂಡಿ ಒತ್ತುತ್ತೇನೆ. ಕಾಫಿ ಇಳಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹಿಡಿಕೆ ಬಿಚ್ಚಿದರೆ ಬಟ್ಟಲು ಖಾಲಿ! ಒಳಗಿರಬೇಕಾದ ಪುಡಿ ಬಿಲ್ಲೆಯಾಗಿ ಮೇಲಿನ ಜಾಲರಿಗೆ ಅಂಟಿಕೊಂಡು ತಲೆಕೆಳಗಾಗಿ ಕೂತಿರುತ್ತದೆ, ಬಾವಲಿಯ ಹಾಗೆ. ಚಮಚೆಯಿಂದ ಕೆರೆದರೆ ಅರ್ಧ ಬೀಳುತ್ತದೆ. ಉಳಿದರ್ಧ ಮುಂದಿನ ಕಾಫಿಯಲ್ಲಿ ತೇಲುತ್ತದೆ. ತೇಲಿದ್ದನ್ನು ಊದಿ ಸರಿಸೋಣವೆಂದರೆ ಊದಲು ನನಗೆ ಬಾಯಲ್ಲಿ ಉಸಿರಿಲ್ಲ. ಉಸಿರೆಲ್ಲ ಕುತ್ತಿಗೆಯ ತೂತಿನಲ್ಲಿದೆ.

ನಿನ್ನ ಅವ್ವ ದಿನಾ ಹೇಳುವುದು ಒಂದೇ ಮಾತು. “ಅದನ್ನ ಅಟ್ಟದ ಮ್ಯಾಲ ಇಡ್ರಿ, ನಾ ಚಾ ಮಾಡಿ ಕೊಡ್ತೀನಿ.” ಅವಳ ಚಾ ನನ್ನ ನಾಲಿಗೆಗೆ ಬರೀ ಬಿಸಿನೀರು. ಅದು ನಿನಗೂ ಗೊತ್ತು. ಗೊತ್ತಿದ್ದೇ ಈ ಪೀಡೆಯನ್ನು ಕಳಿಸಿದ್ದೀ.

ಬೇಗ ಉತ್ತರ ಬರಲಿ.

ಮಹಾರುದ್ರಪ್ಪ


ಬಸವಕಲ್ಯಾಣ
೨೦ ಜೂನ್ ೨೦೨೪

ಅಪ್ಪಾ, ಶರಣು.

ಬಸವಣಪ್ಪ ಕಾಕಾ ಶಾಲೆಯ ಗೇಟಿಗೇ ಬಂದು ಕಾಗದ ಕೊಟ್ಟರು. ನಾನು ಒಂಬತ್ತನೇ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೆ. ನಿಮ್ಮ ಅಕ್ಷರ ನೋಡಿ ಪಾಠ ಎಲ್ಲಿಗೆ ನಿಂತಿತ್ತೆಂಬುದೇ ಮರೆತುಹೋಯಿತು. ನೀವು ಬೈದು ಬರೆದಿದ್ದರೂ ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬರುವಷ್ಟರಲ್ಲಿ ಬಹಳ ಸಲ ಓದಿದೆ.

ಯಂತ್ರವನ್ನು ಒಯ್ಯುವುದಿಲ್ಲ. ದವಾಖಾನೆಯ ಕ್ಯಾಂಟೀನಿನಲ್ಲಿ ಆ ಕರಿ ಕಾಫಿ ಒಂದು ಗುಟುಕು ಕುಡಿದು ನೀವು ಕಣ್ಣು ದೊಡ್ಡದು ಮಾಡಿದ್ದು ನನಗೆ ನೆನಪಿದೆ. ನಾಲಿಗೆಗೆ ಏನೂ ಹತ್ತುವುದಿಲ್ಲವೆಂದು ಗಂಜಿ, ಸಾರು, ಹಣ್ಣಿನ ರಸ ಎಲ್ಲವನ್ನೂ ನೂಕುತ್ತಿದ್ದವರು ಲೋಟ ಮುಂದೆ ಹಿಡಿದು ಇನ್ನೊಂದು ಎಂದು ಸನ್ನೆ ಮಾಡಿದಿರಿ. ಅದಕ್ಕೇ ಕಳಿಸಿದೆ.

ಬೀದರಿನಲ್ಲಿ ಕಾಫಿ ಅಂಗಡಿ ಇಟ್ಟಿರುವ ಸೋನಾಲಿ ನನ್ನ ಜೊತೆ ಓದಿದವಳು. ಅವಳಿಗೆ ಫೋನು ಮಾಡಿದೆ. ಅವಳು ಮೊದಲು ಕೇಳಿದ್ದು ಪುಡಿ ಯಾವುದೆಂದು. ಕಿರಾಣಿ ಅಂಗಡಿಯ ಪುಡಿಯಲ್ಲಿ ಚಿಕೋರಿ ಕೂಡಿಸಿರುತ್ತಾರಂತೆ. ಅದು ನೀರು ಕುಡಿದು ಅಂಟಾಗುತ್ತದೆ. ಮೈದಾ ಹಿಟ್ಟಿನಷ್ಟು ನುಣ್ಣಗಿದ್ದರೂ ಹಾಗೇ. ಚಿಕೋರಿ ಇಲ್ಲದ, ಸಣ್ಣ ರವೆಗಿಂತ ಸ್ವಲ್ಪ ನುಣುಪಾದ ಪುಡಿ ಬೇಕು. ಅವಳಿಂದಲೇ ಒಂದು ಪೊಟ್ಟಣ ತರಿಸಿ ಇದರ ಜೊತೆ ಕಳಿಸಿದ್ದೇನೆ. ಇನ್ನೊಂದು ಮಾತು. ಕಾಫಿ ಇಳಿದ ಕೂಡಲೇ ಹಿಡಿಕೆ ಬಿಚ್ಚಬೇಡಿ. ಒಳಗಿನ ಒತ್ತಡ ಇಳಿಯುವ ತನಕ ತಡೆದು ಬಿಚ್ಚಿರಿ.

ಯಂತ್ರ ಮೊದಲು ನಮ್ಮ ಮನೆಗೆ ಬಂದ ದಿನ ನಿಮ್ಮ ಅಳಿಯ ರಾಜೀವ ಹೇಳಿದ್ದು ನಿಮಗೆ ತಿಳಿಸಬೇಕು. “ಬಸ್ ಸ್ಟ್ಯಾಂಡಿನ ಮೈಕಿನಾಗ ಕೂಗಾಕ ಅಷ್ಟೂ ಬಸ್ಸಿನ ಟೈಂ ಬಾಯಾಗ ಇಟ್ಕೊಂಡಿದ್ದ ಮಾವಾರಿಗೆ ಈ ಒಂದು ಮಷೀನು ಯಾವ ಲೆಕ್ಕ?” ಅಂದರು.

ಗಂಟಲಿನ ತಪಾಸಣೆಗೆ ಹೋಗಿದ್ದಿರಾ? ಅವ್ವನನ್ನು ಕೇಳಿದರೆ ನಿಮ್ಮನ್ನೇ ಕೇಳು ಎನ್ನುತ್ತಾಳೆ.

ನಿಮ್ಮ ಮಗಳು
ಐಶ್ವರ್ಯ


ಹುಮನಾಬಾದ್
೩೦ ಜೂನ್ ೨೦೨೪

ಐಶ್ವರ್ಯಾ,

ನಿನ್ನ ಸೋನಾಲಿಯ ಪುಡಿ ಬಂತು. ತಡೆದು ಬಿಚ್ಚಿದೆ. ತಡೆಯದೆ ಬಿಚ್ಚಿದೆ. ಮೆಲ್ಲಗೆ ಬಿಚ್ಚಿದೆ, ಜಗ್ಗಿ ಬಿಚ್ಚಿದೆ. ಅಂಟುವುದು ಅಂಟುತ್ತಲೇ ಇದೆ. ಮೊದಲು ಸೆಗಣಿಯ ಹಾಗೆ ಅಂಟುತ್ತಿತ್ತು, ಈಗ ಗಾರೆಯ ಹಾಗೆ ಅಂಟುತ್ತದೆ. ಅಷ್ಟೇ ಫರಕು.

ನಿನ್ನೆ ಬಸವಣಪ್ಪ ಡ್ಯೂಟಿ ಮುಗಿಸಿ ಮನೆಗೆ ಬಂದಿದ್ದ. ಅವನಿಗೊಂದು ಕಾಫಿ ಮಾಡಿ ಕೊಟ್ಟೆ. ಕುಡಿದು ಹಲ್ಲಿನ ಸಂದಿಯಿಂದ ಚರಟ ತೆಗೆಯುತ್ತ, “ಮಾರುದ್ರಪ್ಪಾ, ಇದು ಕುಡಿಯಾದೋ ತಿನ್ನಾದೋ?” ಎಂದ. ಅವನು ನಕ್ಕ, ನಿನ್ನ ಅವ್ವ ನಕ್ಕಳು. ನಾನೂ ನಕ್ಕೆ. ನಾನು ನಕ್ಕರೆ ಕುತ್ತಿಗೆಯ ತೂತಿನಿಂದ ಬುಸ್ ಎಂದು ಗಾಳಿ ಬರುತ್ತದೆ. ಅದನ್ನು ಕೇಳಿ ಇಬ್ಬರೂ ನಗುವುದನ್ನು ನಿಲ್ಲಿಸಿದರು. ನಕ್ಕಿದ್ದಕ್ಕಿಂತ ಅದು ಕೆಟ್ಟದ್ದು.

ಆಮೇಲೆ ಅವನು ಬಸ್ ನಿಲ್ದಾಣದ ಸುದ್ದಿ ಹೇಳಿದ. ಈಗ ಅಲ್ಲಿ ನನ್ನ ಮೈಕಿಗೆ ಯಾರದೋ ಹೆಣ್ಣುದನಿ ರೆಕಾರ್ಡು ಮಾಡಿ ಹಚ್ಚಿದ್ದಾರಂತೆ. “ಜನಾ ಕೇಳೂದೇ ಇಲ್ಲಪಾ. ನೀ ‘ರಾಜೇಶ್ವರ ಮ್ಯಾಲಿಂದ ಬಸವಕಲ್ಯಾಣ’ ಅಂದ್ರ ಮಕ್ಕೊಂಡವರು ಎದ್ದು ಬಸ್ ಹತ್ತತಿದ್ರು” ಎಂದ. ಸಮಾಧಾನಕ್ಕೆ ಹೇಳಿದ, ಪಾಪ. ನಾನು ಎದ್ದು ಹೋಗಿ ಯಂತ್ರ ತಿಕ್ಕಿದೆ.

ಚಾಕುವಿನಿಂದ ಕೆರೆಯುವಾಗ ಜಾಲರಿಯ ಅಂಚು ಸ್ವಲ್ಪ ಮಣಿದಿದೆ. ಬಯ್ಯಬೇಡ. ಏನು ಮಾಡಬೇಕೋ ಹೇಳು. ತಪಾಸಣೆ ಗಿಪಾಸಣೆ ಕೇಳಬೇಡ.

ಮಹಾರುದ್ರಪ್ಪ


ಬಸವಕಲ್ಯಾಣ
೮ ಜುಲೈ ೨೦೨೪

ಅಪ್ಪಾ, ಶರಣು.

ಚಾಕು ದಯವಿಟ್ಟು ಬೇಡ. ಕೈಗೆ ತಾಗಿದರೆ ಇನ್ನೊಂದು ದವಾಖಾನೆ.

ಸೋನಾಲಿ ಒಂದು ಪರೀಕ್ಷೆ ಹೇಳಿಕೊಟ್ಟಿದ್ದಾಳೆ. ಬಟ್ಟಲಿಗೆ ಪುಡಿ ತುಂಬಿ ಒತ್ತಿದ ಮೇಲೆ ಅದರ ಮೇಲೆ ತೊಳೆದ ಒಂದು ನಾಣ್ಯ ಇಡಿ. ಹಿಡಿಕೆಯನ್ನು ಯಂತ್ರಕ್ಕೆ ಪೂರ್ತಿ ಸಿಕ್ಕಿಸಿ, ಗುಂಡಿ ಒತ್ತದೆಯೇ ಬಿಚ್ಚಿ ನೋಡಿ. ನಾಣ್ಯ ಪುಡಿಯಲ್ಲಿ ಹೂತುಹೋಗಿದ್ದರೆ ಬಟ್ಟಲು ಹೆಚ್ಚು ತುಂಬಿದೆ ಎಂದರ್ಥ. ನೀರು ಬಿದ್ದಾಗ ಪುಡಿ ಉಬ್ಬುತ್ತದೆ. ಉಬ್ಬಲು ಮೇಲೆ ಜಾಗವಿಲ್ಲದಿದ್ದರೆ ಹೋಗಿ ಜಾಲರಿಗೇ ಅಂಟಿಕೊಳ್ಳುತ್ತದೆ. ಬಟ್ಟಲಿನ ಒಳಗೆ ಸುತ್ತಲೂ ಒಂದು ಗೆರೆ ಇದೆ, ಒತ್ತಿದ ಪುಡಿ ಅದರ ಕೆಳಗೇ ಇರಬೇಕು.

ನನಗೆ ಅನ್ನಿಸುವುದು, ನೀವು ತುಂಬಾ ಹಾಕುತ್ತಿದ್ದೀರಿ. ಸೋನಾಲಿ ಕಳಿಸಿದ ಪೊಟ್ಟಣ ಇಷ್ಟು ಬೇಗ ಮುಗಿಯಿತೆಂದು ಅವ್ವ ಫೋನಿನಲ್ಲಿ ಹೇಳಿದಳು. ಅಷ್ಟೊಂದು ಯಾಕೆ ಬೇಕು ಅಪ್ಪಾ?

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಮಾತು ಕಲಿಸುವ ಮೇಡಂ ಹೈದರಾಬಾದಿನಲ್ಲಿ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಉಸಿರು ಮೂಗಿನಲ್ಲಿ ಹೋಗದವರಿಗೆ ವಾಸನೆ ತಿಳಿಯುವುದಿಲ್ಲ, ವಾಸನೆ ಇಲ್ಲದೆ ರುಚಿಯೂ ಹತ್ತುವುದಿಲ್ಲ ಎಂದಿದ್ದರು. ತುಟಿ ಮುಚ್ಚಿಕೊಂಡು, ಒಳಗೊಳಗೇ ಆಕಳಿಸುವ ಹಾಗೆ ದವಡೆಯನ್ನೂ ನಾಲಿಗೆಯನ್ನೂ ಕೆಳಗೆ ಎಳೆದರೆ ಮೂಗಿನಿಂದ ಗಾಳಿ ಒಳಗೆ ಬರುತ್ತದೆ, ವಾಸನೆಯೂ ಬರುತ್ತದೆ ಎಂದಿದ್ದರು. ಮನೆಗೆ ಹೋದ ಮೇಲೆ ನೀವು ಪಾಟಿಯ ಮೇಲೆ ‘ವಾಸನೆ ಬಂತು, ಆರಾಮ ಇದ್ದೇನೆ’ ಎಂದು ಬರೆದು ತೋರಿಸಿದಿರೆಂದು ಅವ್ವ ಹೇಳಿದ್ದಳು. ಈಗಲೂ ಬರುತ್ತದೆಯೇ?

ನಿಮ್ಮ ಮಗಳು
ಐಶ್ವರ್ಯ


ಹುಮನಾಬಾದ್
೧೯ ಜುಲೈ ೨೦೨೪

ಐಶ್ವರ್ಯಾ,

ನಾಣ್ಯ ಹೂತುಹೋಯಿತು. ಬೆರಳು ಹಾಕಿ ತೆಗೆಯಬೇಕಾಯಿತು. ನಿನ್ನ ಮಾತೇ ಗೆದ್ದಿತು, ಸಂತೋಷಪಡು.

ನೀನು ಹೇಳಿದ ಹಾಗೆ ಗೆರೆಯ ಕೆಳಗೆ ಪುಡಿ ಹಾಕಿದೆ. ಹಿಡಿಕೆ ಬಿಚ್ಚಿದೆ. ಬಿಲ್ಲೆ ಬಟ್ಟಲಿನಲ್ಲೇ ಇತ್ತು. ನಿನ್ನ ಅವ್ವ ಚಪ್ಪಾಳೆ ತಟ್ಟಿದಳು. ಕುಡಿದೆ. ನೀರು. ಬಣ್ಣ ಹಾಕಿದ ಬಿಸಿನೀರು. ಅದನ್ನು ಚೆಲ್ಲಿ ಮತ್ತೆ ಬಟ್ಟಲು ತುಂಬ ಹಾಕಿ, ಮೈಯ ಭಾರವೆಲ್ಲ ಬಿಟ್ಟು ಒತ್ತಿದೆ. ಜಾಲರಿಗೆ ಅಂಟಿತು. ಅಂಟಲಿ. ನಾಲಿಗೆಗೆ ಸ್ವಲ್ಪ ಕಹಿಯಾದರೂ ಹತ್ತಿತು.

ಕಡಿಮೆ ಹಾಕಿ, ಕಡಿಮೆ ಒತ್ತಿ. ದವಾಖಾನೆಯವರೂ ಇದನ್ನೇ ಹೇಳಿದರು. ಖಾರ ಕಡಿಮೆ, ತಿರುಗಾಟ ಕಡಿಮೆ, ಸ್ನಾನದ ನೀರು ಕುತ್ತಿಗೆಗೆ ತಾಗದ ಹಾಗೆ ಕಡಿಮೆ. ದನಿಯಂತೂ ಪೂರಾ ತೆಗೆದೇಬಿಟ್ಟರು. ಉಳಿದದ್ದು ಒಂದು ಕಾಫಿ. ಅದರಲ್ಲೂ ನೀನು ಕಡಿಮೆ ಮಾಡಲು ಹೊರಟಿದ್ದೀ.

ಎತ್ತುವುದಿಲ್ಲ ಎಂದಿದ್ದೆ. ಎತ್ತುತ್ತೇನೆ. ನಾನು ಆಪರೇಷನ್ ಬೇಡ ಅನ್ನುವವನಿದ್ದೆ. ಆ ಡಾಕ್ಟರು ಮುಖ ನೋಡಿದ್ದು ನನ್ನದು, ಮಾತಾಡಿದ್ದು ನೀನು. ‘ಮಾಡ್ರಿ ಡಾಕ್ಟರ್’ ಎಂದವಳು ನೀನು. ಅಷ್ಟು ಜನರ ಮುಂದೆ ಮಗಳ ಮಾತು ಕೆಳಗೆ ಹಾಕಬಾರದೆಂದು ಸಹಿ ಹಾಕಿದೆ. ನನ್ನ ಬಾಯಲ್ಲಿ ದನಿ ಇದ್ದ ಕೊನೆಯ ವಾರ ಅದು, ಅದನ್ನೂ ನೀನೇ ಆಡಿ ಮುಗಿಸಿದೆ. ಈಗ ನಾನು ಮನೆಯಲ್ಲಿ ಸ್ಟೀಲ್ ಲೋಟ ಬಡಿದು ಹೆಂಡತಿಯನ್ನು ಕರೆಯುತ್ತೇನೆ. ಇದು ಬದುಕು ಎಂದು ನೀನು ತೀರ್ಮಾನ ಮಾಡಿದ್ದು.

ವಾಸನೆ ಸರಿ ಇದೆ. ಮತ್ತೆ ಕೇಳಬೇಡ.

ಮಹಾರುದ್ರಪ್ಪ


ಬಸವಕಲ್ಯಾಣ
೨೪ ಜುಲೈ ೨೦೨೪

ಅಪ್ಪಾ,

ಡಾಕ್ಟರು ನಿಮ್ಮ ಮುಂದೆಯೇ ಹೇಳಿದರು, ತೆಗೆಯದಿದ್ದರೆ ಬರುವ ಯುಗಾದಿ ಕಾಣುವುದು ಕಷ್ಟವೆಂದು. ನೀವು ಕಿಟಕಿಯ ಕಡೆ ತಿರುಗಿದಿರಿ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಕಾಯುತ್ತಿದ್ದರು. ಯಾರಾದರೂ ಒಂದು ಮಾತು ಹೇಳಬೇಕಿತ್ತು. ನಾನು ಹೇಳಿದೆ.

ಶಾಲೆಗೆ ಹೋಗಲು ನಾನು ಬಸ್ ಹತ್ತುತ್ತಿದ್ದ ದಿನಗಳಿಂದ ನಿಮ್ಮ ದನಿ ಆ ಮೈಕಿನಲ್ಲಿ ಕೇಳಿ ಬೆಳೆದವಳು ನಾನು. ಅದು ಹೋಗುವುದೆಂದರೆ ಏನೆಂದು ನನಗೆ ತಿಳಿಯದೆ ‘ಮಾಡ್ರಿ’ ಎಂದೆನೇ? ನೀವು ಯುಗಾದಿ ಕಂಡಿರಿ. ಮಳೆಗಾಲವನ್ನೂ ಕಾಣುತ್ತಿದ್ದೀರಿ. ಇವತ್ತು ಯಾರಾದರೂ ಮತ್ತೆ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಅದಕ್ಕೆ ನನ್ನಿಂದ ತಪ್ಪಾಯಿತೆಂಬ ಮಾತು ಬೇಕಿದ್ದರೆ ಅದು ಬರುವುದಿಲ್ಲ.

ಯಂತ್ರ ಬೇಡವಾದರೆ ಅಟ್ಟಕ್ಕೆ ಹಾಕಿ.

ಐಶ್ವರ್ಯ


ಹುಮನಾಬಾದ್
೨ ಸೆಪ್ಟೆಂಬರ್ ೨೦೨೪

ಐಶ್ವರ್ಯಾ,

ನಿನ್ನ ಅವ್ವ ಫೋನಿನಲ್ಲಿ ಅಳುತ್ತ ಏನೇನು ಹೇಳಿದಳೋ, ಅರ್ಧ ಕೇಳಿ ನೀನು ಗಾಬರಿಯಾಗಿರುತ್ತೀ. ಆದದ್ದನ್ನು ಆದ ಹಾಗೆ ನಾನೇ ಬರೆಯುತ್ತೇನೆ.

ಶನಿವಾರ ಸಂಜೆ ಅವಳು ಗ್ಯಾಸ್ ಒಲೆಯ ಮೇಲೆ ಹಾಲಿಟ್ಟು, “ಸಂಗಮ್ಮನ ಮನಿಗಿ ಹೋಗಿ ಬರ್ತೀನಿ, ಜರಾ ನೋಡ್ಕೊಳ್ರಿ” ಎಂದು ಹೋದಳು. ನಾನು ಅಲ್ಲೇ ಕಟ್ಟೆಯ ಮೇಲಿನ ಯಂತ್ರದ ಮುಂದೆ ಬಗ್ಗಿ ನಿಂತಿದ್ದೆ. ಆ ದಿನ ಬಿಲ್ಲೆ ಎಷ್ಟು ಕೆರೆದರೂ ಬಿಡದೆ ಪಾಚಿಯ ಹಾಗೆ ಕಚ್ಚಿಕೊಂಡಿತ್ತು. ಚಮಚೆ ಹಿಡಿದು ಕೆರೆಯುತ್ತಿದ್ದೆ. ಬಿಡುತ್ತದೇನೋ ಎಂದು ನಡುನಡುವೆ ಗುಂಡಿ ಒತ್ತಿ ನೀರು ಬಿಡುತ್ತಿದ್ದೆ. ಅದರ ಗರಗರ ಸದ್ದು ಬೇರೆ. ಹಾಲಿನ ನೆನಪು ಹಾರಿಹೋಯಿತು.

ಹಾಲು ಯಾವಾಗ ಉಕ್ಕಿತೋ ಗೊತ್ತಿಲ್ಲ. ಉಕ್ಕಿ ಉರಿಯನ್ನು ಆರಿಸಿತ್ತು. ತಿರುಗಿ ನೋಡಿದಾಗ ಒಲೆಯ ಸುತ್ತ ಹಾಲು, ಉರಿ ಇಲ್ಲ. ಆರಿದೆಯಲ್ಲ, ಹಚ್ಚೋಣ ಎಂದು ಲೈಟರ್ ತೆಗೆದುಕೊಂಡೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಯ ಕುಲ್ಸುಮ್ ಬೀ ಓಡಿ ಬಂದಳು. ಮಂಡಿನೋವಿನಿಂದ ಗೋಡೆ ಹಿಡಿದು ನಡೆಯುವವಳು ಹೇಗೆ ಓಡಿದಳೋ. ನನ್ನ ಕೈಗೆ ಹೊಡೆದು ಲೈಟರ್ ಬೀಳಿಸಿದಳು. ಗ್ಯಾಸಿನ ತಿರುಪು ತಿರುವಿ, ಕಿಟಕಿ ತೆರೆದು, ನನ್ನ ತೋಳು ಹಿಡಿದು ಅಂಗಳಕ್ಕೆ ಎಳೆದಳು.

“ಯಾ ಅಲ್ಲಾ! ಅಣ್ಣಾ, ನಮ್ಮ ಮನಿತನಾ ಗ್ಯಾಸ್ ವಾಸನಿ ಬರಾಕತ್ತದ. ನಿಮ್ಮ ಮೂಗಿನ ಮುಂದೇ ಅದ, ನಿಮಗ ಬರಲಿಲ್ಲೇನ್ರಿ?”

ಪಾಟಿ ಒಳಗಿತ್ತು. ಇದ್ದರೂ ಏನು ಬರೆಯುತ್ತಿದ್ದೆ? ಅಷ್ಟರಲ್ಲಿ ನಿನ್ನ ಅವ್ವ ಬಂದಳು. ಕುಲ್ಸುಮ್ ಬೀ ಹೇಳಿದ್ದನ್ನು ಕೇಳಿದಳು. ಒಂದು ಸಲ ನನ್ನ ಮುಖ ನೋಡಿ, “ಇಷ್ಟು ದಿನಾ ನನಗ ಸುಳ್ಳ ಹೇಳಿದ್ರಿ?” ಎಂದಳು. ಲಗ್ನವಾದಾಗಿನಿಂದ ಅವಳು ನನ್ನ ಮೇಲೆ ಕೂಗಾಡಿದ್ದಾಳೆ, ಅತ್ತಿದ್ದಾಳೆ, ತವರಿಗೆ ಘಾಟಬೋರಾಳಕ್ಕೆ ಹೋಗಿ ಕೂತಿದ್ದಾಳೆ. ಹಾಗೆ ಮೆಲ್ಲಗೆ ಮಾತಾಡಿದ್ದು ಇದೇ ಮೊದಲು.

ನನಗೆ ವಾಸನೆ ಬರುವುದಿಲ್ಲ, ಐಶ್ವರ್ಯಾ. ಆ ಶಸ್ತ್ರಚಿಕಿತ್ಸೆಯ ದಿನದಿಂದ ಒಂದು ಸಲವೂ ಬಂದಿಲ್ಲ. ಬಂತು ಎಂದು ಬರೆದು ತೋರಿಸಿದ್ದು ನಿಮ್ಮಿಬ್ಬರ ಕರುಣೆ ತಪ್ಪಿಸಿಕೊಳ್ಳಲು. ದನಿ ಹೋಗಿದ್ದು ಊರಿಗೆಲ್ಲ ಗೊತ್ತು. ಇದಾದರೂ ನನ್ನೊಳಗೇ ಇರಲಿ ಎಂದುಕೊಂಡೆ.

ಕುಲ್ಸುಮ್ ಬೀ ಬರದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ಕೂತಿರುತ್ತೇನೆ. ನಾನು ಹೋಗುತ್ತಿದ್ದೆ, ಅದು ಬೇರೆ ಮಾತು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ.

ಮಹಾರುದ್ರಪ್ಪ


ಬಸವಕಲ್ಯಾಣ
೯ ಸೆಪ್ಟೆಂಬರ್ ೨೦೨೪

ಅಪ್ಪಾ, ಶರಣು.

ನಿನ್ನೆ ಅಲ್ಲಿಗೆ ಬಂದಾಗ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಎದುರುಬದುರು ಕೂತರೆ ನಾನು ಬಾಯಿಯಿಂದ ಜೋರು ಮಾಡುತ್ತೇನೆ, ನೀವು ಪಾಟಿಯ ಮೇಲೆ ಬರೆಯುತ್ತೀರಿ. ಅದು ಸಮನಾದ ಜಗಳವಲ್ಲ. ನಾನು ಉತ್ತರ ಕೊಡಲು ಶುರುಮಾಡಿದರೆ ನೀವು ಅರ್ಧ ವಾಕ್ಯಕ್ಕೇ ಪಾಟಿ ಒರೆಸಿಬಿಡುತ್ತೀರಿ. ನಿನ್ನೆ ಅದಕ್ಕೇ ಎದ್ದು ಅಡುಗೆಮನೆಗೆ ಹೋದೆ. ಯಂತ್ರ ರಿಪೇರಿ ಮಾಡಬೇಕೆಂದು ಹೋದದ್ದಲ್ಲ, ಅಳಬಾರದೆಂದು ಹೋದದ್ದು.

ಹೋದ ಮೇಲೆ ಕೈ ಸುಮ್ಮನಿರಲಿಲ್ಲ. ಯಂತ್ರದ ಬಾಯಿಯ ನಡುವಿನ ಸ್ಕ್ರೂ ಬಿಚ್ಚಿದರೆ ಜಾಲರಿ ಕೈಗೆ ಬಂತು. ನೀವು ನೋಡಿದಿರಲ್ಲ, ಅದರ ಹಿಂದೆ ಡಾಂಬರಿನ ಹಾಗೆ ಕಪ್ಪು ಪದರ ಕಟ್ಟಿತ್ತು. ತಿಂಗಳುಗಟ್ಟಲೆ ಉಬ್ಬಿ ಒಳಗೆ ನುಗ್ಗಿದ ಪುಡಿ. ರಬ್ಬರ್ ಉಂಗುರದ ಸುತ್ತಲೂ ಅದೇ. ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ ಬ್ರಷ್ಷಿನಿಂದ ತಿಕ್ಕಿದಾಗ ನೀರು ಮಸಿಯಾಯಿತು. ಒರಟಾದ ಜಾಗಕ್ಕೆ ಇನ್ನಷ್ಟು ಅಂಟುತ್ತದೆ, ಅದಕ್ಕೇ ನಿಮ್ಮ ಚಮಚೆಗೂ ಬಗ್ಗುತ್ತಿರಲಿಲ್ಲ. ಇನ್ನು ಮೇಲೆ ಪ್ರತಿ ಸಲ ಹಿಡಿಕೆ ಬಿಚ್ಚಿದ ಮೇಲೆ ಸ್ವಲ್ಪ ನೀರು ಬಿಟ್ಟು ಬಟ್ಟೆಯಿಂದ ಒರೆಸಿರಿ. ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಿರಿ. ಪುಡಿ ಗೆರೆಯ ಕೆಳಗೇ ಇರಲಿ.

ನೀವು ಯಾಕೆ ಅಷ್ಟು ತುಂಬುತ್ತಿದ್ದಿರೆಂದು ಈಗ ತಿಳಿಯಿತು. ಅದನ್ನು ಮೊದಲೇ ಹಿಡಿಯಬೇಕಿದ್ದವಳು ನಾನು, ವಿಜ್ಞಾನ ಕಲಿಸುವವಳು. ನಾಣ್ಯ ಹೂತುಹೋಯಿತೆಂದು ನೀವು ಬರೆದಾಗ ನಾನು ನೋಡಿದ್ದು ನಾಣ್ಯವನ್ನು.

ಕಾಫಿಯಲ್ಲಿ ನಾಲಿಗೆಗೆ ಸಿಗುವುದು ಕಹಿ, ಹುಳಿ ಮಾತ್ರ. ಉಳಿದದ್ದೆಲ್ಲ ಮೂಗಿನದು. ಬಟ್ಟಲನ್ನು ಎಷ್ಟು ತುಂಬಿದರೂ ಅದು ಬರುವುದಿಲ್ಲ ಅಪ್ಪಾ. ಮೇಡಂ ಹೇಳಿದ ಆ ಮುಚ್ಚುಬಾಯಿಯ ಆಕಳಿಕೆಯನ್ನು ನಾನು ನಿಮ್ಮ ಮುಂದೆ ಮಾಡಿ ತೋರಿಸಿದಾಗ ನೀವು ಮುಖ ತಿರುಗಿಸಿದಿರಿ. ರಾತ್ರಿ ಮನೆಗೆ ಬಂದು ಕನ್ನಡಿಯ ಮುಂದೆ ಮಾಡಿಕೊಂಡೆ. ಕೋತಿಯ ಹಾಗೆ ಕಾಣುತ್ತದೆ, ಅದು ನಿಜ. ಯಾರೂ ಇಲ್ಲದಾಗ ಮಾಡಿ. ಆದರೆ ಮಾಡಿ.

ಮೇಡಂ ಜೊತೆ ಮತ್ತೆ ಮಾತಾಡಿದ್ದೇನೆ. ಒಮ್ಮೆಗೇ ಬರುವುದಿಲ್ಲವಂತೆ. ಕೆಲವರಿಗೆ ವಾರಗಳು ಹಿಡಿಯುತ್ತವೆ, ಕೆಲವರಿಗೆ ಅಷ್ಟಿಷ್ಟೇ ಬರುತ್ತದೆ. ಸುಳ್ಳು ಆಸೆ ಹಚ್ಚುವುದಿಲ್ಲ.

ನಿಮ್ಮ ಮಗಳು
ಐಶ್ವರ್ಯ


ಹುಮನಾಬಾದ್
೬ ಅಕ್ಟೋಬರ್ ೨೦೨೪

ಐಶ್ವರ್ಯಾ,

ಯಂತ್ರ ಈಗ ಹೇಳಿದ ಮಾತು ಕೇಳುತ್ತದೆ. ಬಿಲ್ಲೆ ಬಟ್ಟಲಿನಲ್ಲೇ ಉಳಿಯುತ್ತದೆ. ಹಿಡಿಕೆಯನ್ನು ಬುಟ್ಟಿಯ ಅಂಚಿಗೆ ಬಡಿದರೆ ಟಪ್ಪೆಂದು ಬೀಳುತ್ತದೆ. ಜಾಲರಿ ಬಿಚ್ಚುವುದು, ತೊಳೆಯುವುದು, ಕೂಡಿಸುವುದು ಎಲ್ಲವೂ ಕೈಗೆ ಬಂದಿದೆ. ಬೇರೆ ಯಾರಿಗೂ ಅದನ್ನು ಮುಟ್ಟಗೊಡುವುದಿಲ್ಲ. ನಿನ್ನ ಅವ್ವ ಕಟ್ಟೆ ಒರೆಸುವಾಗಲೂ ಯಂತ್ರದ ಸುತ್ತಲೇ ಒರೆಸಿಕೊಂಡು ಹೋಗಬೇಕು.

ಕಾಫಿ ಮಾತ್ರ ನೀರು.

ಬೆಳಿಗ್ಗೆ ಎದ್ದು ಗೋಡೆಗೆ ಮುಖ ಮಾಡಿ ಆಕಳಿಸುತ್ತೇನೆ. ಮಧ್ಯಾಹ್ನ, ಸಂಜೆ ಕೂಡ. ದವಡೆ ನೋಯುತ್ತದೆ. ಒಂದು ದಿನ ನಿನ್ನ ಅವ್ವ ಬಾಗಿಲಲ್ಲಿ ನಿಂತು ನೋಡಿದ್ದಾಳೆ. “ಹಸಿವ್ಯಾಗ್ಯಾದೇನ್ರಿ?” ಎಂದು ಕೇಳಿದಳು! ಲೋಟ ಎತ್ತಿ ಒಗೆಯುವವನಿದ್ದೆ. ಆಮೇಲೆ ಅವಳೇ ಲವಂಗ ಜಜ್ಜಿ ತಂದಳು, ಬೆಳ್ಳುಳ್ಳಿ ತಂದಳು, ಕುಲ್ಸುಮ್ ಬೀ ಮನೆಯಿಂದ ಅತ್ತರಿನ ಶೀಶೆ ತಂದಳು. ಒಂದೊಂದನ್ನೂ ಮೂಗಿನ ಕೆಳಗೆ ಹಿಡಿದು ನನ್ನ ಮುಖ ನೋಡುತ್ತ ಕೂರುತ್ತಾಳೆ. ಆ ಮುಖ ನೋಡಲಾರದೆ ಬಂತು ಎಂದು ಗೋಣು ಹಾಕಿಬಿಡಬೇಕು ಅನ್ನಿಸುತ್ತದೆ. ಈ ಸಲ ಹಾಕಿಲ್ಲ. ಇಲ್ಲ ಎಂದೇ ಹಾಕಿದ್ದೇನೆ. ಪ್ರತಿ ಸಲ ಇಲ್ಲ.

ನನಗೆ ಬೇಸರ ಬಂದಿದೆ. ಒಂದು ಯಂತ್ರವಾದರೆ ಸ್ಕ್ರೂ ಬಿಚ್ಚಿ ನೋಡಬಹುದು. ಇದಕ್ಕೆ ಎಲ್ಲಿ ಬಿಚ್ಚುವುದು? ದಸರೆಯ ತನಕ ಮಾಡುತ್ತೇನೆ, ಆಮೇಲೆ ಬಿಡುತ್ತೇನೆ. ನೀನು ಒತ್ತಾಯ ಮಾಡಬಾರದು.

ಅಪ್ಪ


ಬಸವಕಲ್ಯಾಣ
೧೦ ಅಕ್ಟೋಬರ್ ೨೦೨೪

ಅಪ್ಪಾ, ಶರಣು.

ಬಸವಣಪ್ಪ ಕಾಕಾ ಬಸ್ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಆದ್ದರಿಂದ ಇಷ್ಟೇ. ಒತ್ತಾಯ ಮಾಡುತ್ತೇನೆ. ದೀಪಾವಳಿಯ ತನಕವಾದರೂ ಮಾಡಿ.

ಐಶ್ವರ್ಯ


ಹುಮನಾಬಾದ್
೧೭ ನವೆಂಬರ್ ೨೦೨೪

ಐಶ್ವರ್ಯಾ,

ನೀನು ಬಹಳ ಶಾಣ್ಯಾ ಎಂದು ತಿಳಿದಿದ್ದೆ. ಯಂತ್ರದ ಮೇಲಿನ ಬಾಯಿ ಬಿಚ್ಚಿ ತೊಳೆದು ಹೋದೆಯಲ್ಲ, ಕೆಳಗೆ ನೋಡಿದ್ದೆಯಾ? ಕೆಳಗೆ ಸೋರಿದ ನೀರು ಬೀಳುವ ತಟ್ಟೆ ಇದೆ. ಅದನ್ನು ಎಳೆದು ನೀರು ಚೆಲ್ಲುವುದು ನನಗೂ ಗೊತ್ತಿತ್ತು. ಅದರ ಹಿಂದೆ ಒಂದು ಸಂದಿ ಇದೆ. ಅದು ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ನಿನ್ನ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸೆರಗನ್ನು ಮೂಗಿನ ಮೇಲೆ ಕಟ್ಟಿಕೊಂಡಿದ್ದಳು. ಈಚೆಗೆ ಅಡುಗೆಮನೆಯಲ್ಲಿ ಹಾಗೇ ಇರುತ್ತಾಳೆ, ಕೇಳಿದರೆ ನೆಗಡಿ ಅನ್ನುತ್ತಾಳೆ. ನಾನು ಯಂತ್ರಕ್ಕೆ ನೀರು ಹಾಕಲು ಹೋದೆ. ದೀಪಾವಳಿ ಕಳೆದಿದ್ದರೂ ಆ ಕೋತಿಯಾಟ ಚಾಳಿಯಾಗಿಬಿಟ್ಟಿದೆ, ಕೈ ಕೆಲಸ ಮಾಡುತ್ತಿದ್ದರೆ ದವಡೆ ತಾನೇ ಎಳೆದುಕೊಳ್ಳುತ್ತದೆ. ಯಂತ್ರದ ಮೇಲೆ ಬಗ್ಗಿ ಒಂದು ಸಲ ಎಳೆದುಕೊಂಡೆ.

ನಾತ!

ಸತ್ತ ಇಲಿ, ಕೊಳೆತ ಹುಲ್ಲು, ಕಟ್ಟಿದ ಮೋರಿ, ಎಲ್ಲ ಸೇರಿಸಿ ಯಾರೋ ಮೂಗಿನೊಳಗೆ ತುರುಕಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ನಂಬಿಕೆ ಬರಲಿಲ್ಲ. ಮತ್ತೆ ಬಗ್ಗಿ ಎಳೆದುಕೊಂಡೆ. ಇತ್ತು. ಹಿಂದೆ ಸರಿದು ಎಳೆದುಕೊಂಡೆ, ಕಡಿಮೆಯಾಯಿತು. ಹತ್ತಿರ ಹೋದೆ, ಹೆಚ್ಚಾಯಿತು. ಐಶ್ವರ್ಯಾ, ಹತ್ತಿರ ಹೋದರೆ ಹೆಚ್ಚಾಗುತ್ತಿತ್ತು.

ಪಾಟಿ ತೆಗೆದುಕೊಂಡು ‘ಇಲ್ಲಿ ಏನೋ ಕೊಳೆತು ನಾರುತ್ತಿದೆ’ ಎಂದು ಬರೆದು ಅವಳ ಮುಖದ ಮುಂದೆ ಹಿಡಿದೆ. ಅವಳು ಓದಿದಳು. ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

“ನಿಮಗ ಬಂತಾ?” ಎಂದಳು.

ಹೌದೆಂದು ಗೋಣು ಹಾಕಿದೆ.

“ಖರೇ ಹೇಳ್ರಿ. ನನ್ನ ಆಣಿ ಇಡ್ರಿ.”

ಅವಳ ತಲೆಯ ಮೇಲೆ ಕೈಯಿಟ್ಟೆ. ಹಿಟ್ಟು ಮೆತ್ತಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅಳುತ್ತಲೇ ಬೈದಳು. “ದಸರಾದಿಂದ ನಾ ಈ ನಾತದಾಗ ರೊಟ್ಟಿ ಬಡಿಯಾಕತ್ತೇನಿ. ಮೋರಿ ತೊಳದೆ, ಅಟ್ಟ ಹುಡುಕಿದೆ, ಇಲಿ ಬೋನು ಇಟ್ಟೆ. ಆ ನಿಮ್ಮ ಮಷೀನಿಗಿ ಕೈ ಹಚ್ಚಗೊಡಂಗಿಲ್ಲ. ನಾತ ಅದ ಅಂತ ನಿಮಗ ಹ್ಯಾಂಗ ಹೇಳ್ಲಿ ನಾ? ವಾಸನಿ ಇಲ್ಲದ ಮನಿಷಾಗ ಅದನ್ನ ಹೇಳಿ ನೋಯಸ್ಲಾ?”

ತಟ್ಟೆ ಎಳೆದು, ಯಂತ್ರವನ್ನು ಅಡ್ಡ ಮಲಗಿ­ಸಿ, ಹಿಂದಿನ ಸಂದಿಯಲ್ಲಿ ಬೆರಳು ಹಾಕಿದೆ. ಬೇಸಿಗೆಯಿಂದ ಕೆರೆದು ಬೀಳಿಸಿದ ಚರಟವೆಲ್ಲ ಅಲ್ಲಿ ಕೂತು, ನೀರು ಕುಡಿದು, ಮೇಲೆ ಬಿಳಿಯ ಬೂಸು ಹಿಡಿದಿತ್ತು. ಅಂಗಳಕ್ಕೆ ಒಯ್ದು ಇಬ್ಬರೂ ಕೂಡಿ ತೊಳೆದೆವು. ಕುಲ್ಸುಮ್ ಬೀ ಗೋಡೆಯಾಚೆಯಿಂದ, “ಭಾಬೀ, ಏನ್ ಸತ್ತದ?” ಎಂದು ಕೂಗಿದಳು. “ಏನೂ ಸತ್ತಿಲ್ರೀ, ಇವರಿಗಿ ವಾಸನಿ ಬಂತು!” ಎಂದು ಇವಳು ಓಣಿಗೆಲ್ಲ ಕೇಳುವಂತೆ ಹೇಳಿದಳು.

ತೊಳೆದ ಮೇಲೆ ಒಂದು ಕಾಫಿ ಮಾಡಿದೆ, ಗೆರೆಯ ಕೆಳಗೇ ಪುಡಿ ಹಾಕಿ. ಲೋಟದ ಮೇಲೆ ಬಗ್ಗಿ ದವಡೆ ಬಿದ್ದುಹೋಗುವಷ್ಟು ಎಳೆದುಕೊಂಡೆ. ಏನೂ ಬರಲಿಲ್ಲ. ಕಾಫಿ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ, ಸುಳ್ಳು ಆಸೆ ಹಚ್ಚುವುದಿಲ್ಲ ಎಂದು ನೀನೇ ಬರೆದಿದ್ದೆಯಲ್ಲ. ಹೊಟ್ಟೆ ಉರಿಯಿತು. ನಾತ ಬರುತ್ತದೆ, ಕಾಫಿ ಬರುವುದಿಲ್ಲವೆಂದರೆ ಇದು ಯಾವ ನ್ಯಾಯ? ನಾಳೆ ಮತ್ತೆ ನೋಡುತ್ತೇನೆ. ಡಿಸೆಂಬರಿನಲ್ಲಿ ಹೈದರಾಬಾದಿಗೆ ಹೋಗಲು ದಿನ ಗೊತ್ತುಮಾಡು, ಗಂಟಲನ್ನೂ ತೋರಿಸಿ ಬರೋಣ.

ಇನ್ನೊಂದು ಮಾತು. ನೀನು ಆ ದಿನ ‘ಮಾಡ್ರಿ’ ಎಂದದ್ದರ ಮೇಲಿನ ನನ್ನ ಸಿಟ್ಟು ಹೋಗಿಲ್ಲ. ಒಂದಿಷ್ಟು ಇಳಿದಿದೆ, ಪೂರಾ ಹೋಗಿಲ್ಲ. ಅದು ಹೋಗುವ ತನಕ ಬದುಕಿರಬೇಕೆಂದು ಮಾಡಿದ್ದೇನೆ.

ನಿನ್ನ ಅಪ್ಪ